8 ಜಿಬಿ ಲ್ಯಾಪ್‌ಟಾಪ್, ಮಳೆಗಾಲದ ನೆಟ್: ಮನೆಯಲ್ಲೇ ಕುಬರ್ನೆಟಿಸ್ ನಡೆಸಿದವರು ಹೇಳಿ

ಶಿರಸಿ ಹತ್ತಿರದ ಹಳ್ಳಿಯಿಂದ, ಪ್ರಶ್ನೆ:
ಕೆಲಸ ಬೆಂಗಳೂರಿನ ಕಂಪನಿಯದು, ಮಾಡುವುದು ಊರಿನ ಮನೆಯಿಂದ. ನಮ್ಮ ಐದಾರು ಸರ್ವಿಸ್‌ಗಳೆಲ್ಲ ಕುಬರ್ನೆಟಿಸ್ ಮೇಲಿವೆ (ಕಂಟೈನರ್‌ಗಳನ್ನು, ಅಂದರೆ ಬೇಕಾದ್ದೆಲ್ಲ ಜೊತೆಗಿಟ್ಟುಕೊಂಡ ಆ್ಯಪ್‌ಗಳನ್ನು, ಓಡಿಸಿ ನಿಭಾಯಿಸುವ ವ್ಯವಸ್ಥೆ). ಇಷ್ಟು ದಿನ ಕಂಪನಿಯ ಟೆಸ್ಟ್ ಕ್ಲಸ್ಟರ್‌ಗೇ (ಕುಬರ್ನೆಟಿಸ್ ನಡೆಯುವ ಯಂತ್ರಗಳ ಗುಂಪು) ಕನೆಕ್ಟ್ ಆಗುತ್ತಿದ್ದೆ. ಮಳೆ ಹಿಡಿದ ಮೇಲೆ ಅದು ನಡೆಯುತ್ತಿಲ್ಲ. ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಲ್ಯಾಪ್‌ಟಾಪ್‌ನಲ್ಲೇ ಸಣ್ಣ ಕ್ಲಸ್ಟರ್ ಬೇಕು. ವಿಂಡೋಸ್, 8 ಜಿಬಿ ರ‍್ಯಾಮ್. ಅದನ್ನು ಕಟ್ಟುವ ಟೂಲ್‌ಗಳಲ್ಲಿ ಮಿನಿಕ್ಯೂಬ್, ಕೈಂಡ್, ಕೆ3ಡಿ, ಯಾವುದು ಹಿಡಿಯಲಿ?

ಕುಮಟಾದಿಂದ:
ಕೆ3ಡಿ ಹಾಕಿ. ಒಳಗಿರುವುದು ಕೆ3ಎಸ್, ರಾಂಚರ್ ಕಂಪನಿಯವರು 2019ರಲ್ಲಿ ಬಿಟ್ಟ ಹಗುರ ಕುಬರ್ನೆಟಿಸ್. ಒಂದೇ ಬೈನರಿ (ಓಡಿಸುವ ಫೈಲ್), 100 ಎಂಬಿಗಿಂತ ಚಿಕ್ಕದು. ಒಂದೇ ಸರ್ವರ್ ಇದ್ದಾಗ ಕ್ಲಸ್ಟರ್ ಮಾಹಿತಿ ಇಡಲು ಇಟಿಸಿಡಿ ಡೇಟಾಬೇಸ್ ಬದಲು ಹಗುರವಾದ ಎಸ್‌ಕ್ಯೂಲೈಟ್ ಬಳಸುತ್ತದೆ. ಇಂಗ್ರೆಸ್‌ಗೆ (ಹೊರಗಿನ ಕೋರಿಕೆಯನ್ನು ಸರಿಯಾದ ಸರ್ವಿಸ್‌ಗೆ ಕಳಿಸಲು) ಟ್ರೇಫಿಕ್ ಎಂಬ ಟೂಲ್, ಲೋಡ್ ಬ್ಯಾಲೆನ್ಸರ್ ಎರಡೂ ಜೊತೆಗೇ ಬರುತ್ತವೆ. ಸಂಜೆ ಸ್ಟಾಪ್, ಬೆಳಿಗ್ಗೆ ಸ್ಟಾರ್ಟ್. ಹಾಕಿದ್ದೆಲ್ಲ ಹಾಗೇ ಇರುತ್ತದೆ. ಮಿನಿಕ್ಯೂಬ್ ಕಲಿಯುವವರಿಗೆ ತುಂಬಾ ಒಳ್ಳೆಯದು, ಆ್ಯಡ್‌ಆನ್‌ಗಳು ಸುಲಭ. ದಿನದ ಕೆಲಸಕ್ಕೆ ನನಗೆ ಕೆ3ಡಿಯೇ ಇಷ್ಟ.

ಕಾರವಾರದಿಂದ:
ಹಗುರ ಅನ್ನುವುದು ಸರಿ. ಆದರೆ ನಿಮಗೆ ನೆಟ್ ಇಲ್ಲದ ದಿನ ಏನಾಗುತ್ತದೆ ಅನ್ನುವುದೇ ಮುಖ್ಯ ಅಲ್ವಾ? ಕೆ3ಡಿಯಲ್ಲಿ ಹೊಸ ಕ್ಲಸ್ಟರ್ ಮಾಡಿದಾಗಲೆಲ್ಲ ಕೋರ್‌ಡಿಎನ್‌ಎಸ್, ಟ್ರೇಫಿಕ್, ಮೆಟ್ರಿಕ್ಸ್ ಸರ್ವರ್ ಎಂಬ ಒಳಭಾಗಗಳ ಇಮೇಜ್‌ಗಳನ್ನು (ಕಂಟೈನರ್ ಶುರುಮಾಡುವ ಪ್ಯಾಕೇಜ್‌ಗಳು) ಅದು ಮತ್ತೆ ಇಳಿಸಿಕೊಳ್ಳುತ್ತದೆ. ನಿಮ್ಮ ಡಾಕರ್‌ನಲ್ಲಿ (ಲ್ಯಾಪ್‌ಟಾಪ್‌ನಲ್ಲಿ ಕಂಟೈನರ್ ಓಡಿಸುವ ಟೂಲ್) ಅವು ಮೊದಲೇ ಇದ್ದರೂ ಕ್ಲಸ್ಟರ್ ಒಳಗೆ ಅದೇ ಕೆಲಸ ಮಾಡುವ ಕಂಟೈನರ್‌ಡಿಗೆ ಕಾಣುವುದಿಲ್ಲ. ನೆಟ್ ಹೋದ ದಿನ ಹಳೆಯದನ್ನು ಡಿಲೀಟ್ ಮಾಡಿದಿರೋ, ಹೊಸತು ಏಳುವುದಿಲ್ಲ. ಕೈಂಡ್‌ನ ನೋಡ್ (ಕ್ಲಸ್ಟರ್‌ನ ಒಂದು ಯಂತ್ರ, ಇಲ್ಲಿ ಅದೂ ಒಂದು ಕಂಟೈನರ್) ಇಮೇಜ್ ಒಳಗೆ ಕ್ಲಸ್ಟರ್ ಏಳಲು ಬೇಕಾದ ಇಮೇಜ್‌ಗಳೆಲ್ಲ ತುಂಬಿಯೇ ಇರುತ್ತವೆ. ಒಮ್ಮೆ ಇಳಿಸಿಕೊಂಡರೆ ಆಯಿತು. ಆಮೇಲೆ ಕತ್ತಲಲ್ಲಿ ಕೂತೂ ಎಷ್ಟು ಸಲ ಬೇಕಾದರೂ ಕೆಡವಿ ಕಟ್ಟಬಹುದು. ಘಟ್ಟದ ಮೇಲಿನವರಿಗೆ ನಾನು ಕೈಂಡನ್ನೇ ಹೇಳುವುದು.

ನಿಮ್ಮ ಸ್ವಂತ ಇಮೇಜ್‌ಗಳನ್ನು 'ಕೈಂಡ್ ಲೋಡ್ ಡಾಕರ್-ಇಮೇಜ್' ಕಮಾಂಡ್‌ನಿಂದ ಒಳಗೆ ಹಾಕಬೇಕು. ಕೆ3ಡಿಯಲ್ಲಿ ಇದಕ್ಕೆ 'ಇಮೇಜ್ ಇಂಪೋರ್ಟ್'. ಇಮೇಜ್‌ನ ಟ್ಯಾಗ್ (ಆವೃತ್ತಿಯ ಹೆಸರು) ಮಾತ್ರ 'ಲೇಟೆಸ್ಟ್' ಇಡಬೇಡಿ. ಹಾಗಿಟ್ಟು ಪುಲ್ ಪಾಲಿಸಿ (ಇಮೇಜ್ ಯಾವಾಗ ಇಳಿಸಬೇಕೆಂಬ ಸೂಚನೆ) ಬರೆಯದಿದ್ದರೆ ಅದು ತಾನಾಗಿ 'ಆಲ್ವೇಸ್' ಆಗುತ್ತದೆ. ಇಮೇಜ್ ಒಳಗೇ ಇದ್ದರೂ ಪ್ರತಿ ಸಲ ಹೊರಗೆ ಹುಡುಕಲು ಹೋಗುತ್ತದೆ. ನೆಟ್ ಇಲ್ಲದಿದ್ದರೆ 'ಇಮೇಜ್ ಪುಲ್ ಬ್ಯಾಕ್ಆಫ್' ಎಂಬ ಎರರ್.

ಇನ್ನೊಂದು. ಡಾಕರ್ ಹಬ್‌ನಿಂದ (ಇಮೇಜ್‌ಗಳ ಆನ್‌ಲೈನ್ ಸಂಗ್ರಹ) ಇಳಿಸುವಾಗ ಲಾಗಿನ್ ಆಗಿರಿ. ಆಗದಿದ್ದರೆ ಎಷ್ಟು ಇಳಿಸಬಹುದೆಂಬ ಮಿತಿಯನ್ನು ಐಪಿ ವಿಳಾಸದ ಮೇಲೆ ಲೆಕ್ಕ ಹಾಕುತ್ತಾರೆ. ಮೊಬೈಲ್ ನೆಟ್‌ನಲ್ಲಿ ಒಂದೇ ಐಪಿ ಹಿಂದೆ ಎಷ್ಟೋ ಜನ ಇರುತ್ತಾರೆ, ನಿಮ್ಮ ಪಾಲನ್ನು ಬೇರೆಯವರೇ ಮುಗಿಸಿರುತ್ತಾರೆ.

ಯಲ್ಲಾಪುರದಿಂದ:
ವಿಂಡೋಸ್ ಅಂದಿರಲ್ಲ, ಡಬ್ಲ್ಯೂಎಸ್‌ಎಲ್2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಸಾಮಾನ್ಯವಾಗಿ ಅರ್ಧ ರ‍್ಯಾಮ್ ತನಕ ಬಳಸುತ್ತದೆ, ನಿಮ್ಮಲ್ಲಿ 4 ಜಿಬಿ. ಬೇಕಾದರೆ ಡಬ್ಲ್ಯೂಎಸ್‌ಎಲ್ ಕಾನ್ಫಿಗ್ ಫೈಲಿನಲ್ಲಿ 5 ಜಿಬಿ ಮಾಡಿ, ಡಬ್ಲ್ಯೂಎಸ್‌ಎಲ್ ಒಮ್ಮೆ ಶಟ್‌ಡೌನ್ ಮಾಡಿ. ಕಂಪನಿಯ ಯಾಮಲ್ (ಸೆಟ್ಟಿಂಗ್) ಫೈಲುಗಳನ್ನು ಹಾಗೇ ಹಾಕಬೇಡಿ. ಅಲ್ಲಿ ಒಂದೊಂದು ಸರ್ವಿಸ್ 1 ಜಿಬಿ, 2 ಜಿಬಿ ಕೇಳುತ್ತಿದ್ದರೆ ಇಲ್ಲಿ ಪಾಡ್ (ಸರ್ವಿಸ್‌ನ ಕಂಟೈನರ್ ಓಡುವ ಘಟಕ) 'ಪೆಂಡಿಂಗ್'ನಲ್ಲೇ ಉಳಿಯುತ್ತದೆ. ಮನೆಗೆಂದೇ ಬೇರೆ ವ್ಯಾಲ್ಯೂಸ್ (ಸೆಟ್ಟಿಂಗ್ ಬೆಲೆಗಳ) ಫೈಲ್ ಇಡಿ, ಎಲ್ಲವೂ ಒಂದೊಂದೇ ರೆಪ್ಲಿಕಾ (ಪ್ರತಿ).

ಶಿರಸಿಯಿಂದ ಇನ್ನೊಬ್ಬರು:
ಸುಮ್ನೆ ಮೂರು ನೋಡ್ ಹಾಕಲು ಹೋಗಬೇಡಿ. ಕಂಟೈನರ್ ನೋಡ್‌ಗಳಲ್ಲಿ ಪ್ರತಿ ನೋಡೂ ಇಡೀ 4 ಜಿಬಿ ತನ್ನದೇ ಎಂದು ತಿಳಿಯುತ್ತದೆ. ಶೆಡ್ಯೂಲರ್ (ಯಾವ ಪಾಡ್ ಯಾವ ನೋಡ್‌ಗೆ ಎಂದು ನಿರ್ಧರಿಸುವ ಭಾಗ) ಲೆಕ್ಕಕ್ಕೆ ಅದು 12 ಜಿಬಿ. ಅದು ನಂಬಿ ಪಾಡ್ ತುಂಬುತ್ತದೆ, ಕೊನೆಗೆ ಮೆಮೊರಿ ಸಾಲದೆ ಪ್ರಾಸೆಸ್‌ಗಳು ಸಾಯುತ್ತವೆ. ದಿನದ ಕೆಲಸಕ್ಕೆ ಒಂದು ನೋಡ್ ಸಾಕು.

ನೋಡ್ ಬಿದ್ದರೆ ಏನಾಗುತ್ತದೆ ಎಂದು ನೋಡಬೇಕಾದ ದಿನ ಮಾತ್ರ ವರ್ಕರ್‌ಗಳನ್ನು (ಪಾಡ್ ಓಡಿಸುವ ನೋಡ್‌ಗಳು) ಸೇರಿಸಿ ಬೇರೆ ಕ್ಲಸ್ಟರ್ ಮಾಡಿ. ಒಂದು ವರ್ಕರ್ ಕಂಟೈನರನ್ನು 'ಡಾಕರ್ ಸ್ಟಾಪ್' ಮಾಡಿ. ಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ 'ನಾಟ್ ರೆಡಿ' ಆಗುತ್ತದೆ. ಪಾಡ್‌ಗಳು ತಕ್ಷಣ ಬೇರೆ ಕಡೆ ಹೋಗುವುದಿಲ್ಲ, ಡಿಫಾಲ್ಟ್ ಟಾಲರೇಶನ್ (ಕಾಯುವ ಅವಧಿ) 300 ಸೆಕೆಂಡ್. ಕೆಟ್ಟುಹೋಗಿದೆ ಎಂದು ಗಾಬರಿಯಾಗಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೈಂಡ್, ಒಂದು ನೋಡ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಕ್ಲಸ್ಟರ್ ಒಳಗೇ ಇಡಲಾ?

ಕಾರವಾರದಿಂದ:
ಬೇಡ. ಕ್ಲಸ್ಟರ್ ಡಿಲೀಟ್ ಮಾಡಿದರೆ ಒಳಗಿನ ವಾಲ್ಯೂಮ್‌ನ (ಡೇಟಾ ಇಡುವ ಜಾಗ) ಡೇಟಾವೂ ಹೋಗುತ್ತದೆ. ಪೋಸ್ಟ್‌ಗ್ರೆಸ್ ಅನ್ನು ಬೇರೆಯೇ ಡಾಕರ್ ಕಂಟೈನರ್ ಆಗಿ, ಅದರದೇ ವಾಲ್ಯೂಮ್ ಕೊಟ್ಟು ಓಡಿಸಿ. ಅದನ್ನು 'ಕೈಂಡ್' ಹೆಸರಿನ ಡಾಕರ್ ನೆಟ್‌ವರ್ಕ್‌ಗೆ ಸೇರಿಸಿದರೆ ಪಾಡ್‌ಗಳಿಂದ ತಲುಪಬಹುದು. ನೆಟ್ ಇದ್ದಾಗಲೇ ಬೇಸ್ ಇಮೇಜ್‌ಗಳನ್ನೂ ಬಿಲ್ಡ್‌ಗೆ ಬೇಕಾದ ಪ್ಯಾಕೇಜ್‌ಗಳನ್ನೂ ಇಳಿಸಿಡಿ. ಎಲ್ಲ ಆದ ಮೇಲೆ ವೈಫೈ ಆಫ್ ಮಾಡಿ, ಶುರುವಿನಿಂದ ಒಮ್ಮೆ ಕಟ್ಟಿ ನೋಡಿ. ಏನು ಬಿಟ್ಟುಹೋಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.