ಟೈಪ್‌ರೈಟರ್‌ನ ಅಕ್ಷರದ ಕಡ್ಡಿಗಳು ಹಿಂದಕ್ಕೆ ಬೀಳುತ್ತಿಲ್ಲ: ಎಣ್ಣೆ ಬಿಟ್ಟದ್ದು ತಪ್ಪಾಯಿತೇ?

ಪ್ರಶ್ನೆ:
ಹಳೆಯ ಟೈಪ್‌ರೈಟರ್‌ಗಳನ್ನು ಕೂಡಿಡುವ ಹವ್ಯಾಸಕ್ಕೆ ನಾನು ಹೊಸಬ. ಮಾರ್ಚೆಲ್ಲೊ ನಿಝೋಲಿ ವಿನ್ಯಾಸಗೊಳಿಸಿದ, 1950ರಲ್ಲಿ ಮೊದಲು ಹೊರಬಂದ ಒಲಿವೆಟ್ಟಿ ಲೆಟ್ಟೆರಾ 22 ಮಾದರಿಯ ಯಂತ್ರವೊಂದು ಕಳೆದ ತಿಂಗಳು ಕೈಗೆ ಬಂತು. ಕೀಲಿ ಒತ್ತಿದಾಗ ಅಕ್ಷರದ ಕಡ್ಡಿ ಮೇಲೇಳುತ್ತದೆ, ಆದರೆ ಅಲ್ಲಿಯೇ ನಿಂತುಬಿಡುತ್ತದೆ. ಬೆರಳಿನಿಂದ ಕೆಳಗೆ ತಳ್ಳಬೇಕು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಎರಡು ದಿನ ಚೆನ್ನಾಗಿ ನಡೆಯಿತು. ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತಲೂ ಬಿಗಿಯಾಯಿತು. ಸಾಲದ್ದಕ್ಕೆ ಕಾಗದ ಹಿಡಿದು ಪಕ್ಕಕ್ಕೆ ಸರಿಯಬೇಕಾದ ಕ್ಯಾರೇಜ್ ಕೂಡ ಸರಿಯುತ್ತಿಲ್ಲವಾದ್ದರಿಂದ ಅಕ್ಷರಗಳೆಲ್ಲ ಒಂದರ ಮೇಲೊಂದು ಮೂಡುತ್ತಿವೆ. ಇಡೀ ಯಂತ್ರವನ್ನು ಬಿಚ್ಚಬೇಕೇ?

ಉತ್ತರ 1:
ದಯವಿಟ್ಟು ಬಿಚ್ಚಬೇಡಿ. ಕಡ್ಡಿಗಳ ಬುಡವೆಲ್ಲ ಸೆಗ್ಮೆಂಟ್ ಎಂಬ ಅರ್ಧಚಂದ್ರಾಕಾರದ ಲೋಹದ ಭಾಗದ ಸೀಳುಗಳೊಳಗೆ ಕೂತಿರುತ್ತದೆ. ಸೀಳಿಗೂ ಕಡ್ಡಿಗೂ ನಡುವಿನ ತೆರಪು ಎಷ್ಟು ಸಣ್ಣದೆಂದರೆ, ಅಲ್ಲಿಗೆ ಇಳಿದ ಎಣ್ಣೆ ಧೂಳನ್ನೂ ರಬ್ಬರಿನ ಪುಡಿಯನ್ನೂ ಹಿಡಿದಿಟ್ಟುಕೊಂಡು ಅಂಟಿನಂತಾಗುತ್ತದೆ. ಇದು ಎಣ್ಣೆಯಿಲ್ಲದೆ ಒಣಗಿಯೇ ಕೆಲಸ ಮಾಡಬೇಕಾದ ಭಾಗ. ಬಣ್ಣ ತೆಳುಮಾಡಲು ಬಳಸುವ ಮಿನರಲ್ ಟರ್ಪೆಂಟೈನ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ, ಸೀಳುಗಳ ಉದ್ದಕ್ಕೂ ಉಜ್ಜುತ್ತ, ಪ್ರತಿ ಕೀಲಿಯನ್ನೂ ಹತ್ತಿಪ್ಪತ್ತು ಬಾರಿ ಒತ್ತಿ, ಕಪ್ಪು ಕೊಳೆ ಇಳಿಯುವುದು ನಿಲ್ಲುವವರೆಗೂ ಹೀಗೆ ಮಾಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಸಿಟೋನನ್ನಂತೂ ಮುಟ್ಟಲೇಬೇಡಿ, ಹೊರಕವಚದ ಬಣ್ಣವೂ ಪ್ಲಾಸ್ಟಿಕ್ ಕೀಲಿಗಳೂ ಹಾಳಾಗುತ್ತವೆ.

ಉತ್ತರ 2:
ಕ್ಯಾರೇಜ್‌ನದು ಬೇರೆಯೇ ತೊಂದರೆ. ಅದನ್ನು ಬಿಡಿಸುವ ಸನ್ನೆಕೋಲನ್ನು ಒತ್ತಿದಾಗ ಅದು ತಾನಾಗಿ ಎಡಕ್ಕೆ ಓಡಬೇಕು. ಓಡದಿದ್ದರೆ, ಸ್ಪ್ರಿಂಗ್ ಡಬ್ಬಿಯಿಂದ ಕ್ಯಾರೇಜಿಗೆ ಕಟ್ಟಿರುವ ದಾರ ಹರಿದಿರಬೇಕು ಅಥವಾ ಕೊಕ್ಕೆಯಿಂದ ಕಳಚಿರಬೇಕು. ಹರಿದಿದ್ದರೆ ಗಟ್ಟಿಯಾದ ಮೀನುಗಾಳದ ದಾರ ಸಾಕು. ಸ್ಪ್ರಿಂಗ್ ಸುತ್ತುವಾಗ ಕ್ಯಾರೇಜನ್ನು ಸಾಲಿನ ಕೊನೆಯವರೆಗೂ ಎಳೆದೊಯ್ಯುವಷ್ಟು ಬಿಗಿ ಮಾತ್ರ ಕೊಡಿ. ನಡುವೆ ಡಬ್ಬಿಯನ್ನು ಕೈಬಿಟ್ಟರೆ ಅದು ಸರ್ರನೆ ಬಿಚ್ಚಿಕೊಳ್ಳುತ್ತದೆ. ನನ್ನ ಹೆಬ್ಬೆರಳಿನ ಗಾಯ ಮಾಯಲು ಹತ್ತು ದಿನ ಹಿಡಿಯಿತು.

ಪ್ರಶ್ನೆ ಕೇಳಿದವರು:
ದಾರ ಹರಿದಿರಲಿಲ್ಲ, ಕೊಕ್ಕೆಯಿಂದ ಜಾರಿತ್ತು. ಮೂರು ಸಲ ತೊಳೆದ ಮೇಲೆ, ಎಲ್ಲಕ್ಕಿಂತ ಹಠಮಾರಿಯಾಗಿದ್ದ ‘ಎಸ್’ ಕಡ್ಡಿಯೂ ಟಕ್ಕನೆ ಹಿಂದಕ್ಕೆ ಬೀಳುತ್ತಿದೆ. ಇಬ್ಬರಿಗೂ ಧನ್ಯವಾದಗಳು. ಈಗ ಇನ್ನೊಂದು ಅನುಮಾನ: ಅಂಕಿಗಳ ಸಾಲು 2ರಿಂದ ಶುರುವಾಗುತ್ತದೆ. 1ರ ಕೀಲಿಯನ್ನು ಯಾರಾದರೂ ಕಿತ್ತಿರಬಹುದೇ?

ಉತ್ತರ 3:
ಯಾರೂ ಕಿತ್ತಿಲ್ಲ. ಆ ಕಾಲದ ಅನೇಕ ಯಂತ್ರಗಳಲ್ಲಿ ಆ ಕೀಲಿಯೇ ಇರುತ್ತಿರಲಿಲ್ಲ. ಚಿಕ್ಕ ‘ಎಲ್’ ಅಕ್ಷರವನ್ನೇ 1 ಎಂದು ಹೊಡೆಯುತ್ತಿದ್ದರು. ಆಶ್ಚರ್ಯಸೂಚಕ ಚಿಹ್ನೆಯೂ ಕಾಣದಿದ್ದರೆ ಗಾಬರಿಯಾಗಬೇಡಿ: ಅಪಾಸ್ಟ್ರಫಿ ಹೊಡೆದು, ಬ್ಯಾಕ್‌ಸ್ಪೇಸ್ ಒತ್ತಿ ಒಂದು ಮನೆ ಹಿಂದೆ ಬಂದು, ಅದರ ಕೆಳಗೆ ಪೂರ್ಣವಿರಾಮದ ಚುಕ್ಕೆ ಇಡಿ.