ಅಮ್ಮನ ಮೂಳೆಗೆ ವರ್ಷಕ್ಕೊಂದು ಡ್ರಿಪ್ ಅಂತಿದ್ದಾರೆ, ಹಾಕಿಸಿದವರು ಅನುಭವ ಹೇಳಿ

ಹಾಸನದ ಮಗಳು: ಅಮ್ಮನಿಗೆ 63. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಕೈ ಊರಿದರು, ಮಣಿಕಟ್ಟು ಮುರಿಯಿತು. ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ ಸ್ಕೋರ್ ಮೈನಸ್ 2.9, ಅಂದರೆ ಮೂಳೆ ತುಂಬ ಟೊಳ್ಳಾಗಿದೆ. ಡಾಕ್ಟರು ಜೊಲೆಡ್ರೋನಿಕ್ ಡ್ರಿಪ್ ಅಂತಾರೆ, ಅಮ್ಮ ರಾಗಿ ಹಾಲು ಸಾಕು ಅಂತಾರೆ. ಏನು ಮಾಡಲಿ?

ಮೂಡಿಗೆರೆ ತೋಟದವನು: ನಮ್ಮಮ್ಮನಿಗೆ ಮೊದಲು ಕೊಟ್ಟಿದ್ದು ಮೂಳೆಗೇ ಅಂತ ವಾರಕ್ಕೊಂದು ಅಲೆಂಡ್ರೋನೇಟ್ 70 ಮಿಲಿಗ್ರಾಂ ಮಾತ್ರೆ. ಖಾಲಿ ಹೊಟ್ಟೆಗೆ ಲೋಟ ತುಂಬ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು ಅಂತ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಮ್ಮ ಎರಡು ಗುಟುಕು ಕಾಫಿಯಲ್ಲಿ ನುಂಗಿ ಮತ್ತೆ ಕಂಬಳಿ ಹೊದ್ದು ಮಲಗುತ್ತಿದ್ದರು. ಆರನೇ ವಾರಕ್ಕೆ ಎದೆಯೊಳಗೆ ಕೆಂಡ ಇಟ್ಟ ಹಾಗೆ ಉರಿ. ಹಾರ್ಟ್ ಅಂತ ಹೆದರಿ ಚಾರ್ಮಾಡಿ ಇಳಿದು ಮಂಗಳೂರಿಗೆ ಓಡಿದೆವು. ಕಾರು ಬಾಡಿಗೆ 4,500, ಇಸಿಜಿ ರಕ್ತಪರೀಕ್ಷೆ 2,800, ಎಂಡೋಸ್ಕೋಪಿ 3,200, ರೂಮು ಎರಡು ದಿನಕ್ಕೆ 6,000, ಹೋಟೆಲ್ ಊಟ ಲೆಕ್ಕಕ್ಕೆ ಹಿಡಿದಿಲ್ಲ. ಕೊನೆಗೆ ನೋಡಿದರೆ ಅನ್ನನಾಳದಲ್ಲಿ ಹುಣ್ಣು! ಆಮೇಲೆ ಡ್ರಿಪ್‌ಗೆ ಬಂದೆವು. ಹಾಕಿದ ರಾತ್ರಿ ಜ್ವರ, ಮೈಕೈ ನೋವು, ಎರಡು ದಿನ ಪ್ಯಾರಾಸಿಟಮಾಲ್. ಎರಡನೇ ವರ್ಷ ಏನೂ ಇಲ್ಲ. ಡ್ರಿಪ್‌ಗೆ ಮೊದಲು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ವಿಟಮಿನ್ ಡಿ ನೋಡಿಸಿ, ಹಲ್ಲಿನ ಕೆಲಸ ಇದ್ದರೆ ಮುಗಿಸಿಕೊಳ್ಳಿ.

ಅರಸೀಕೆರೆ ಅಕ್ಕ: ಇದೆಲ್ಲ ದುಡ್ಡು ಕೀಳೋ ದಾರಿ. ನನಗೆ 58, ಮಂಡಿ ನೋವು, ಮೂಳೆ ಸವೆದಿದೆ ಅಂದರು. ಒಂದು ಮಾತ್ರೆ ಮುಟ್ಟಲಿಲ್ಲ. ಎರಡು ಹೊತ್ತು ಮುದ್ದೆ, ನುಗ್ಗೆಸೊಪ್ಪು, ಎಳ್ಳು, ತೆಂಗಿನ ತೋಟದ ಬಿಸಿಲು. ಈಗ ಮಾಲೇಕಲ್ಲು ತಿರುಪತಿ ಮೆಟ್ಟಿಲು ನಿಲ್ಲದೆ ಹತ್ತುತ್ತೇನೆ.

ಬೇಲೂರು ಸೊಸೆ: ಅಕ್ಕಾ, ನಿಮ್ಮದು ಕೀಲು ಸವೆತ. ಇಲ್ಲಿ ಕೇಳಿದ್ದು ಮೂಳೆ ಒಳಗೇ ಟೊಳ್ಳಾಗೋದು, ಅದು ಸಾಮಾನ್ಯವಾಗಿ ಮುರಿಯೋವರೆಗೂ ನೋಯಲ್ಲ. ನಮ್ಮತ್ತೆಯೂ ಮುದ್ದೆ ಉಂಡೇ ಬೆಳೆದವರು. ಜೊತೆಗೆ ಅಸ್ತಮಾಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ. ನಾಗಂದಿಗೆ ಮೇಲಿನ ಉಪ್ಪಿನಕಾಯಿ ಜಾಡಿ ಕೈಗೆ ಸಿಗುತ್ತಿಲ್ಲ ಅಂತಿದ್ದರು, ನಾವು ನಗುತ್ತಿದ್ದೆವು. ಬೆನ್ನುಮೂಳೆ ಎರಡು ಆಗಲೇ ಕುಸಿದಿದ್ದವು! ಆಮೇಲೆ ಕಾಫಿ ಕಣದಲ್ಲಿ ಬಿದ್ದು ಸೊಂಟ ಮುರಿಯಿತು. ಆಪರೇಷನ್ 1,85,000, ನೋಡಿಕೊಳ್ಳುವವಳಿಗೆ ತಿಂಗಳಿಗೆ 14,000ದಂತೆ ಆರು ತಿಂಗಳು, ವಾಕರ್ 1,600, ಕಮೋಡ್ ಕೂರಿಸಲು 22,000. ಆ ಆಸ್ಪತ್ರೆಯವರು ರಾಡ್ ಹಾಕಿ ಕಳಿಸಿದರು, ಡೆಕ್ಸಾ ಮಾಡಿಸಿ ಅಂತ ಒಂದು ಚೀಟಿ ಬರೆಯಲಿಲ್ಲ.

ಅರಸೀಕೆರೆ ಅಕ್ಕ: ನನ್ನ ಮಂಡಿ ನನಗೆ ಗೊತ್ತಮ್ಮ. ದಿನಕ್ಕೆ ಆರು ಲೋಟ ಕಾಫಿ ಕುಡಿಯೋ ಎಸ್ಟೇಟ್ ಜನಕ್ಕೆ ಮೂಳೆ ಉಳಿಯುತ್ತಾ?

ಮೂಡಿಗೆರೆ ತೋಟದವನು: ಕಾಫಿ ಸುದ್ದಿಗೆ ಬರಬೇಡಿ ಮೇಡಂ. ನಿಮ್ಮ ಮುದ್ದೆ ನಾವು ಬೈದಿಲ್ಲ.

ಚನ್ನರಾಯಪಟ್ಟಣ ಮೇಷ್ಟ್ರು: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಬೇಕು. ತಿನ್ನಿ, ಆದರೆ ಮೈನಸ್ 2.9ಕ್ಕೆ ಅದೊಂದೇ ಸಾಲದು. ನನ್ನ ಹೆಂಡತಿಗೆ ಮೂಳೆಗೆ ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಅನ್ನೋ ಇಂಜೆಕ್ಷನ್ ಇತ್ತು. ಐದನೇ ಡೋಸ್ 9,400 ರೂಪಾಯಿ, ಮಗಳ ಮದುವೆ ಮುಗಿಯಲಿ ಅಂತ ನಾನೇ ಮುಂದೂಡಿದೆ. ಐದು ತಿಂಗಳು ತಡವಾಯಿತು. ಹಾಲಿನ ಕ್ಯಾನ್ ಎತ್ತುವಾಗ ಬೆನ್ನಲ್ಲಿ ಚಟ್ ಅಂತು, ಮೂರು ಮೂಳೆ. ನಡುವೆ ನಿಲ್ಲಿಸಿದರೆ ಮೂಳೆ ಟೊಳ್ಳಾಗೋದು ಒಮ್ಮೆಲೇ ವಾಪಸ್ ಬರುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮದುವೆ ವಿಡಿಯೋದಲ್ಲಿ ಅವಳು ನೆಟ್ಟಗೆ ನಿಂತಿದ್ದಾಳೆ. ನಾನು ಅದನ್ನು ಹಾಕೋದಿಲ್ಲ.

ಸಕಲೇಶಪುರದವ: ಬಚ್ಚಲ ನೆಲದ ಮಾತೇ ಯಾರೂ ಎತ್ತಲಿಲ್ಲವಲ್ಲ? ಕನ್ನಡಿಯಂಥ ಟೈಲ್ಸ್ ಹಾಕಿಸಿ ಆಮೇಲೆ ಮೂಳೆಯನ್ನು ಬೈತೀರಿ. ನಮ್ಮದು ಹಳೇ ಗಾರೆ ನೆಲ, ಒಬ್ಬರೂ ಬಿದ್ದಿಲ್ಲ.

ಬೇಲೂರು ಸೊಸೆ: ನಮ್ಮತ್ತೆ ಬಿದ್ದಿದ್ದು ಟೈಲ್ಸ್ ಮೇಲಲ್ಲ ಸ್ವಾಮಿ, ಕಣದಲ್ಲಿ. ಓದಿ ಬರೆಯಿರಿ.

ಹಾಸನದ ಮಗಳು: ಅಮ್ಮನಿಗೆ ಎರಡು ಹಲ್ಲು ಅಲ್ಲಾಡುತ್ತಿವೆ. ಕೀಳಿಸಿ ಎಷ್ಟು ದಿನಕ್ಕೆ ಡ್ರಿಪ್ ಹಾಕಿಸಿದಿರಿ?

ಅರಸೀಕೆರೆ ಅಕ್ಕ: ಹಲ್ಲು ಯಾಕೆ ಕೀಳಿಸ್ತೀರಿ, ಲವಂಗದೆಣ್ಣೆ ಹಚ್ಚಿ.

ಬೇಲೂರು ಸೊಸೆ: ಅಯ್ಯೋ ಶಿವನೇ.