ಪದಚರ್ಚೆ: ಸ್ಕ್ಯಾನಿನಲ್ಲಿ ಹೃದಯವನ್ನು ‘ಬಿಡಿಸುವುದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೃದಯದ ಚಿಕಿತ್ಸೆಯಲ್ಲಿ ತ್ರೀಡಿ ಪ್ರಿಂಟಿಂಗ್ ಬಳಸಲು ವೈದ್ಯರಿಗೆ, ಸ್ಕ್ಯಾನ್ ತಂತ್ರಜ್ಞರಿಗೆ ಕೊಡುವ ತರಬೇತಿ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಸೆಗ್ಮೆಂಟೇಶನ್’ ಅನ್ನುವ ಪದದ ಹತ್ತಿರ ಬಂದು ನಿಂತಿದ್ದೇನೆ.

ಕೆಲಸ ಏನು ಅಂತ ಹೇಳುತ್ತೇನೆ. ಒಂದು ಮಗುವಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇದೆ. ಕಾಂಟ್ರಾಸ್ಟ್ (ರಕ್ತ ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ದ್ರವ) ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಒಂದು ಮಿಲಿಮೀಟರಿಗಿಂತ ತೆಳುವಾದ ಪದರಗಳ ನೂರಾರು ಚಿತ್ರ ಸಿಗುತ್ತವೆ. ಇದು ರಕ್ತ, ಇದು ಹೃದಯದ ಗೋಡೆ, ಇದು ಶ್ವಾಸಕೋಶ, ಇದು ಎಲುಬು ಅಂತ ಗುರುತಿಸಿ, ಬೇಕಾದ್ದನ್ನು ಮಾತ್ರ ಬೇರೆ ಮಾಡಿಕೊಳ್ಳಬೇಕು. ಇದೇ ಸೆಗ್ಮೆಂಟೇಶನ್. ಹೀಗೆ ಸಿಕ್ಕ ಆಕಾರವನ್ನೇ ಪ್ರಿಂಟರ್ ಹೃದಯದ ಮಾದರಿಯಾಗಿ ಮಾಡಿಕೊಡುತ್ತದೆ. ಸಾಫ್ಟ್‌ವೇರ್ ಒಂದಷ್ಟು ಮಾಡಿಕೊಡುತ್ತದೆ. ಮಿಕ್ಕದ್ದನ್ನು ಹೃದಯದ ರಚನೆ ಬಲ್ಲವರು ಕೂತು ತಿದ್ದಬೇಕು. ಪ್ರಿಂಟರ್‌ಗೆ ಸರಿ ತಪ್ಪು ಗೊತ್ತಿಲ್ಲ. ತೆಳು ಗೋಡೆಯ ಒಂದು ಚೂರು ಇಲ್ಲಿ ಅಳಿಸಿಹೋದರೆ, ಮಗುವಿನ ಹೃದಯದಲ್ಲಿ ಇಲ್ಲದ ತೂತು ಮಾದರಿಯಲ್ಲಿ ಕಾಣುತ್ತದೆ. ಸರ್ಜನ್ ಅದನ್ನು ನಂಬಿಬಿಟ್ಟರೆ? ಹಾಗಾಗಿ ತರಬೇತಿಯಲ್ಲಿ ಜಾಸ್ತಿ ಸಮಯ ಇದಕ್ಕೇ ಸಲ್ಲಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಪದವೂ ಸರಿಯಾಗಿರಬೇಕು.

‘ವಿಭಜನೆ’ ಅಂದರೆ ಸಾಲದೇ? ಒಂದು ತೊಡಕಿದೆ. ಹುಟ್ಟಿನಿಂದ ಬರುವ ಹೃದಯದ ತೊಂದರೆಗಳನ್ನು ವಿವರಿಸುವಾಗ ‘ಸೆಗ್ಮೆಂಟ್’ಗೆ ಬೇರೆಯದೇ ಅರ್ಥ. ಬಾಸ್ಟನ್ನಿನ ವೈದ್ಯ ರಿಚರ್ಡ್ ವಾನ್ ಪ್ರಾಗ್ ಬಳಕೆಗೆ ತಂದ ಕ್ರಮದಲ್ಲಿ ಹೃತ್ಕರ್ಣ (ಹೃದಯದ ಮೇಲಿನ ಕೋಣೆ), ಹೃತ್ಕುಕ್ಷಿ (ಕೆಳಗಿನ ಕೋಣೆ), ದೊಡ್ಡ ರಕ್ತನಾಳ ಇವೇ ಮೂರು ಮುಖ್ಯ ಸೆಗ್ಮೆಂಟುಗಳು. ಒಂದೊಂದನ್ನೂ ನೋಡಿ, ಯಾವುದು ಯಾವುದಕ್ಕೆ ಸೇರಿಕೊಂಡಿದೆ ಅಂತ ಹೇಳುತ್ತಾರೆ. ಕಲಿಯುವವರ ಕಿವಿಗೆ ಎರಡೂ ಒಟ್ಟಿಗೆ ಬೀಳುತ್ತವೆ. ಕನ್ನಡದಲ್ಲಾದರೂ ಬೇರೆ ಬೇರೆ ಪದ ಇದ್ದರೆ ಒಳ್ಳೆಯದು.

ನನಗೆ ಹೊಳೆದದ್ದು ‘ಬಿಡಿಸು’. ಅಂಟು, ನಾರು ತೆಗೆದು ಹಲಸಿನ ತೊಳೆ ಬಿಡಿಸುತ್ತೇವೆ. ಚಿತ್ರವನ್ನೂ ಬಿಡಿಸುತ್ತೇವೆ. ಈ ಕೆಲಸದಲ್ಲಿ ಬೇರೆ ಮಾಡುವುದೂ ಇದೆ, ಅಂಚಿನ ಗೆರೆ ಎಳೆಯುವುದೂ ಇದೆ. ಆದರೆ ‘ಮಗುವಿನ ಹೃದಯ ಬಿಡಿಸಿದರು’ ಅಂತ ಬರೆದರೆ ಓದಿದ ತಂದೆತಾಯಿಗೆ ಗಾಬರಿಯಾದೀತು. ‘ಸ್ಕ್ಯಾನಿನಲ್ಲಿ ಬಿಡಿಸಿಕೊಂಡರು’ ಅಂದರೆ ಸರಿಹೋಗುತ್ತದೆಯೇ? ಇನ್ನು ನಾಮಪದ. ‘ಬಿಡಿಸುವಿಕೆ’ ನಾಲಿಗೆಗೆ ಉದ್ದವಾಯ್ತು, ಅಲ್ವಾ?

ಇದರ ಜೊತೆಗೇ ಇನ್ನೊಂದು. ಮಾದರಿಗಳಲ್ಲಿ ಎರಡು ಬಗೆ. ಒಂದು, ರಕ್ತ ತುಂಬಿರುವ ಜಾಗವನ್ನೇ ಗಟ್ಟಿಯಾಗಿ ಪ್ರಿಂಟ್ ಮಾಡಿದ್ದು. ರಕ್ತನಾಳಗಳು ಹೇಗೆ ಹಾದುಹೋಗಿವೆ ಅಂತ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಇನ್ನೊಂದು, ಸುತ್ತ ಗೋಡೆ ಇದ್ದು ಒಳಗೆ ಖಾಲಿ ಇರುವುದು. ಟೊರಾಂಟೊದ ಸಿಕ್‌ಕಿಡ್ಸ್ ಆಸ್ಪತ್ರೆಯ ತಂಡ ಸರ್ಜನ್‌ಗಳಿಗೆ ಕೊಟ್ಟ ತರಬೇತಿಯಲ್ಲಿ ಇಂಥ ಮೆತ್ತಗಿನ ಮಾದರಿ ಹೃದಯಗಳನ್ನೇ ಕತ್ತರಿಸಿ, ತೇಪೆ ಇಟ್ಟು, ಹೊಲಿದು ಕಲಿಸಿದ್ದಾರೆ. ಮೊದಲನೆಯದಕ್ಕೆ ‘ಗಟ್ಟಿ ಮಾದರಿ’ ಸರಿ. ಎರಡನೆಯದಕ್ಕೆ ‘ಟೊಳ್ಳು ಮಾದರಿ’ ಅನ್ನಲು ಮನಸ್ಸು ಹಿಂಜರಿಯುತ್ತದೆ, ಟೊಳ್ಳು ಅಂದರೆ ಸತ್ವ ಇಲ್ಲದ್ದು ಅನ್ನುವ ಭಾವ ಬರುತ್ತದೆ. ‘ಗೋಡೆ ಮಾದರಿ’ ಹೇಗೆ?

‘ಮಾದರಿ’ಯ ಬದಲು ‘ಪ್ರತಿಕೃತಿ’ ಅನ್ನುವ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ. ಕವಾಟದ ತೆಳು ಎಸಳುಗಳು ಸಿ.ಟಿ.ಯಲ್ಲಿ ಸರಿಯಾಗಿ ಸಿಗುವುದಿಲ್ಲ, ಎಷ್ಟೋ ಮಾದರಿಗಳಲ್ಲಿ ಅವು ಇರುವುದೇ ಇಲ್ಲ. ಇದ್ದದ್ದು ಇದ್ದ ಹಾಗೆ ಬಂದಿದೆ ಅನ್ನುವ ನಂಬಿಕೆ ಹುಟ್ಟಿಸುವ ಪದ ಇಲ್ಲಿ ಅಪಾಯ. ‘ಅಚ್ಚು’ ಕೂಡ ಬಿಟ್ಟೆ, ಎರಕ ಹೊಯ್ಯುವ ಅಚ್ಚೋ ಅಚ್ಚಾಗಿ ಬಂದ ವಸ್ತುವೋ ಗೊತ್ತಾಗುವುದಿಲ್ಲ. ತ್ರೀಡಿ ಪ್ರಿಂಟಿಂಗ್ ಅನ್ನು ಹಾಗೇ ಉಳಿಸಿಕೊಂಡಿದ್ದೇನೆ, ಎಲ್ಲರಿಗೂ ಗೊತ್ತಿರುವ ಮಾತು.

ರೇಡಿಯಾಲಜಿಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಸೆಗ್ಮೆಂಟೇಶನ್‌ಗೆ ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಏನಂತೀರಿ, ದಯವಿಟ್ಟು ತಿಳಿಸಿ. ‘ಬಿಡಿಸು’ ಪದಕ್ಕೆ ನಿಮ್ಮ ಊರಿನ ಕಡೆ ನಾನು ಹೇಳಿದ್ದಕ್ಕಿಂತ ಬೇರೆ ಅರ್ಥ ಇದ್ದರೆ ಅದನ್ನೂ ಬರೆಯಿರಿ.